ಕೆಳಗಿಳಿದವರ ಹೆಸರು

ಸೆಪ್ಟೆಂಬರ್ 2, ಮಂಗಳವಾರ

ಬೆಳೆದ ಊರಿಗೇ ವರ್ಗವಾಗಿ ಬಂದು ಎರಡು ವಾರವಾಗಿಲ್ಲ, ಆಗಲೇ ಸೋದರತ್ತೆಯ ಚರ್ಚು ನನ್ನ ಮೇಜಿನ ಮೇಲೆ ಬಂದು ಕೂತಿದೆ. ಗೋಡೆ ಬಿರುಕು ಬಿಟ್ಟಿದೆ, ನಗರಸಭೆಯ ಅಳತೆಯವರು ಬಂದು ನೋಡಬೇಕು ಎಂದು ಅರ್ಜಿ. ಕೆಳಗಿನ ಸಹಿ ನೋಡಿದ ಕೂಡಲೇ ಗುರುತು ಸಿಕ್ಕಿತು. ಚರ್ಚಿನ ಹಿರಿಯ, ಗಡಿಯಾರ ರಿಪೇರಿಯವನದು. ಒಂದೊಂದು ಅಕ್ಷರವೂ ಹಲ್ಲುಚಕ್ರದ ಹಾಗೆ. ಇಪ್ಪತ್ತಮೂರು ವರ್ಷದ ಹಿಂದೆ ಸಭೆಯ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದ್ದೇವೆ ಎಂದು ಬಂದ ಕಾಗದಕ್ಕೂ ಇದೇ ಸಹಿಯಿತ್ತು. ಸಭೆಯ ಹೊರಗಿನವರನ್ನು ಮದುವೆಯಾದದ್ದು ನನ್ನ ತಪ್ಪು. ಆ ಗಂಡ ತೀರಿಕೊಂಡು ಮೂರು ವರ್ಷವಾಯಿತು. ಸಹಿ ಹಾಕಿದವನು ಇನ್ನೂ ಗಟ್ಟಿಮುಟ್ಟಾಗಿದ್ದಾನೆ.

ಮಧ್ಯಾಹ್ನ ಹೋಗಿ ನೋಡಿದೆ. ಗೋಪುರದ ಬುಡದಿಂದ ಪಶ್ಚಿಮದ ಕಿಟಕಿಯವರೆಗೆ ಒಂದು ಬಿರುಕು, ಬೆರಳು ತೂರುವಷ್ಟು. ಒಳಗೆ ಇನ್ನೂ ಆರು, ಸಣ್ಣವು. ಒಂದೊಂದರ ಮೇಲೂ ಅಡ್ಡಲಾಗಿ ಗಾಜಿನ ಪಟ್ಟಿಯಿಟ್ಟು, ಎರಡೂ ತುದಿಗೆ ಗಾರೆ ಮೆತ್ತಿ, ಸಂಖ್ಯೆ, ದಿನಾಂಕ ಬರೆದೆ. ಗೋಡೆ ಕದಲದಿದ್ದರೆ ಗಾಜು ಹಾಗೇ ಇರುತ್ತದೆ. ಕದಲಿದರೆ ಒಡೆಯುತ್ತದೆ. ಗಾಜು ಯಾರ ದಾಕ್ಷಿಣ್ಯಕ್ಕೂ ಬೀಳುವುದಿಲ್ಲ. ಈ ಕೆಲಸದಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಹೊರಡುವಾಗ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡಿತು. ಹೆಗಲು ಕೊಟ್ಟು ನೂಕಿದೆ. ಮನೆಗೆ ಬಂದು ಹೇಳಿದರೆ ಅತ್ತೆ ನಕ್ಕಳು. "ನನಗೆ ಎಂಬತ್ತೊಂದು ಕಣೇ. ಅದಕ್ಕಿಂತ ಹೆಚ್ಚು ಬಿರುಕು ನನ್ನ ಮೈಯಲ್ಲಿದೆ. ನನಗ್ಯಾವಾಗ ಗಾಜು ಅಂಟಿಸ್ತೀಯ?"

ಸೆಪ್ಟೆಂಬರ್ 6, ಶನಿವಾರ

ಗಾಜುಗಳನ್ನು ನೋಡಲು ಹೋದಾಗ ಅತ್ತೆ ಒಳಗೆ ಗುಡಿಸುತ್ತಿದ್ದಳು. ಸಂಬಳವಿಲ್ಲ, ಯಾರೂ ಹೇಳಿದ್ದೂ ಅಲ್ಲ. ನನಗೆ ಬುದ್ಧಿ ಬಂದಾಗಿನಿಂದ ಶನಿವಾರವೆಂದರೆ ಅತ್ತೆ, ಪೊರಕೆ, ಚರ್ಚು. ಅಪ್ಪ ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳೂ ಅವಳೇ. ಆ ಶನಿವಾರಗಳಲ್ಲಿ ನಾನು ಬೆಂಚಿನ ಮೇಲೆ ಕಾಲು ಎತ್ತಿಕೊಂಡು ಕೂತಿರುತ್ತಿದ್ದೆ.

ಅವಳು ಪ್ರತಿ ಬೆಂಚಿನ ಕೆಳಗೆ ಬಗ್ಗಿ ಗುಡಿಸುತ್ತಾ ಅಲ್ಲಿ ಕೂರುವವರ ಹೆಸರು ಹೇಳುತ್ತಾಳೆ. ಮೊದಲ ಬೆಂಚು, ಬಡಗಿ, ಅವನ ಹೆಂಡತಿ, ಅವಳಿ ಹೆಣ್ಣುಮಕ್ಕಳು. ಎರಡನೆಯದು, ಸೂಲಗಿತ್ತಿ, ಅವಳ ಮಾತು ಬಾರದ ತಮ್ಮ. ಹೀಗೆ ಇಪ್ಪತ್ತೆರಡು ಬೆಂಚು. ಹೆಸರಿಗೊಂದು ಉಸಿರು ನಿಲ್ಲುತ್ತಾಳೆ, ಅಷ್ಟೇ. ಬೇಡಿಕೆಯಿಲ್ಲ, ಆಮೆನ್ ಇಲ್ಲ.

"ಇದನ್ನ ಎಷ್ಟು ವರ್ಷದಿಂದ ಹೇಳ್ತಾ ಇದೀಯ?" ಎಂದೆ.

"ನನ್ನಜ್ಜಿ ಹೇಳ್ತಿದ್ಲು. ಗಣಿ ನಡೀತಿದ್ದಾಗ ಗಂಡಸರು ಬೆಳಿಗ್ಗೆ ಕೆಳಗಿಳಿಯೋರು. ಹೆಂಗಸರು ಗಣಿಬಾಯಿ ಹತ್ರ ನಿಂತು ಒಬ್ಬೊಬ್ಬರ ಹೆಸರು ಹೇಳೋರು. ಕೆಳಗಿಳಿದವರ ಹೆಸರು ಮೇಲಿದ್ದವರು ಹೇಳಬೇಕು. ಚರ್ಚು ಕಟ್ಟಿದ್ಮೇಲೆ ಆವತ್ತು ಯಾವ ಸಾಲಲ್ಲಿ ನಿಂತಿದ್ರೋ ಅದೇ ಸಾಲಲ್ಲಿ ಕೂತರು. ಅದೇ ಬೆಂಚು ಇವತ್ತಿಗೂ."

"ಗಣಿ ಮುಚ್ಚಿ ಐವತ್ತು ವರ್ಷ ಆಯ್ತಲ್ಲ."

"ಅದಕ್ಕೇನೀಗ? ಜನ ಮುಚ್ಚಿದಾರಾ?"

ಬಲಗಡೆ ಏಳನೆಯದು ನಮ್ಮ ಮನೆಯ ಬೆಂಚು. ಅತ್ತೆ ಅಪ್ಪನ ಹೆಸರು ಹೇಳಿದಳು, ಅಮ್ಮನದು, ಆಮೇಲೆ ನನ್ನದು. ನಾನು ಹಿಂದೆಯೇ ನಿಂತಿದ್ದೇನೆ ಎಂಬುದು ಮರೆತವಳ ಹಾಗೆ. ನಾನು ಹೊರಗೆ ಬಂದು ಬಾಗಿಲಿನ ಓರೆ ಅಳೆದೆ. ನಾಲ್ಕು ದಿನದಲ್ಲಿ ಎರಡು ಮಿಲಿಮೀಟರು.

ಸೆಪ್ಟೆಂಬರ್ 9, ಮಂಗಳವಾರ

ಗಣಿಯ ಹಳೆಯ ನಕ್ಷೆ ಸಿಕ್ಕಿತು. ಸುರಂಗ ಚರ್ಚಿನ ಅಂಗಳದ ಈಚೆಗೇ ನಿಂತಿರುವಂತೆ ಬರೆದಿದ್ದಾರೆ. ನಮ್ಮ ಕಚೇರಿಯ ಸಾಹೇಬರು "ಹಾಗಾದ್ರೆ ಭಯ ಇಲ್ಲ" ಎಂದರು. ಆದರೆ ಚರ್ಚಿನ ಗೋಡೆಯ ಕಲ್ಲು ಎಲ್ಲಿಂದ ಬಂತೆಂದು ನಕ್ಷೆ ಹೇಳುವುದಿಲ್ಲ. ಅತ್ತೆಯನ್ನು ಕೇಳಿದೆ. ದುಡಿಮೆ ಮುಗಿದ ಮೇಲೆ ಗಂಡಸರು ಕೆಳಗಿನಿಂದಲೇ ಒಡೆದು ತಂದದ್ದಂತೆ, ಒಂದೊಂದೇ ಕಲ್ಲು, ಒಂಬತ್ತು ವರ್ಷ. "ಹತ್ತಿರ ಇರೋದು ಬಿಟ್ಟು ದೂರದಿಂದ ಯಾರು ಹೊರ್ತಾರೆ?"

ಅಂದರೆ ಮೇಲೆ ಎಷ್ಟು ಚರ್ಚು ಇದೆಯೋ ಕೆಳಗೆ ಅಷ್ಟೇ ಟೊಳ್ಳಿದೆ. ಅದಕ್ಕೆ ಊರೆ ಕೊಟ್ಟ ಮರದ ದಿಮ್ಮಿಗಳು ಐವತ್ತು ವರ್ಷದಿಂದ ನೀರಿನಲ್ಲಿ ನಿಂತಿವೆ.

ಸೆಪ್ಟೆಂಬರ್ 14, ಭಾನುವಾರ

ಆರಾಧನೆಗೆ ಹೋಗಲಿಲ್ಲ. ಅಂಗಳದಲ್ಲಿ ತೂಗುಗುಂಡು ಇಳಿಬಿಟ್ಟು ಗೋಪುರ ಎಷ್ಟು ವಾಲಿದೆಯೆಂದು ಅಳೆಯುತ್ತಿದ್ದೆ. ಒಳಗೆ ಹಾಡುತ್ತಿದ್ದರು. ಹಾಡು ನಿಂತಿತು, ಪ್ರಾರ್ಥನೆಗೆ ತಲೆ ಬಾಗಿಸಿರಬೇಕು. ಆ ಮೌನದಲ್ಲಿ ಮೇಲಿನ ಗಂಟೆ ಒಮ್ಮೆ ಸಣ್ಣಗೆ ಸದ್ದು ಮಾಡಿತು. ಹಗ್ಗದ ಹತ್ತಿರ ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ, ನನ್ನ ತೂಗುಗುಂಡು ಅಲ್ಲಾಡದೆ ನಿಂತಿತ್ತು. ಕೆಳಗೆ ನೆಲ ಕದಲಿ ಗೋಪುರ ಕೂದಲೆಳೆಯಷ್ಟು ಜಗ್ಗಿದೆ.

ಎಲ್ಲರೂ ಹೋದಮೇಲೆ ಒಳಗೆ ನೋಡಿದೆ. ಎರಡನೇ ಗಾಜು ಸೀಳಿದೆ. ಬೆಂಚಿನ ಮೇಲಿನ ಹಾಡಿನ ಪುಸ್ತಕಗಳ ಮೇಲೆಲ್ಲ ಸಣ್ಣ ಸುಣ್ಣದ ಪುಡಿ. ಏಳನೇ ಬೆಂಚಿನ ಪುಸ್ತಕದ ಮೇಲಿನದನ್ನು ಊದಿ, ಒರೆಸಿಟ್ಟು ಬಂದೆ.

ಸೆಪ್ಟೆಂಬರ್ 19, ಶುಕ್ರವಾರ

ಹಿರಿಯರ ಕೂಟಕ್ಕೆ ಕರೆದಿದ್ದರು. ಪಾದ್ರಿ ಅಯ್ಯನವರು ಹೊಸಬರು, ಮೂವತ್ತು ದಾಟಿಲ್ಲ. ಮಾತೆಲ್ಲ ಗಡಿಯಾರದವನದೇ. ಮುಂದಿನ ತಿಂಗಳ ಮೊದಲ ಭಾನುವಾರಕ್ಕೆ ಚರ್ಚು ಕಟ್ಟಿ ನೂರಿಪ್ಪತ್ತು ವರ್ಷ. ಐನೂರು ಜನ ಸೇರುತ್ತಾರೆ. ಕಟ್ಟಡ ಭದ್ರವಾಗಿದೆ ಎಂದು ನಾನು ಸಹಿ ಹಾಕಿಕೊಡಬೇಕು.

"ಆಗಲ್ಲ," ಎಂದೆ.

"ಮೇಡಂ, ಒಂದೇ ಒಂದು ದಿನ."

"ಬೀಳೋಕೂ ಒಂದೇ ದಿನ ಸಾಕು."

"ನೂರಿಪ್ಪತ್ತು ವರ್ಷ ನಿಂತಿರೋ ಗೋಡೆ. ನಿಮಗೆ ಈ ಸಭೆ ಮೇಲೆ ಹಳೇ ಕೋಪ ಇದ್ರೆ ನನ್ನ ಮೇಲೆ ತೀರಿಸ್ಕೊಳ್ಳಿ. ಗೋಡೆ ಏನು ಮಾಡಿತ್ತು?"

"ನನ್ನ ಹೆಸರು ಹೊಡೆಯೋವಾಗ ನಿಮ್ಮ ಸಹಿ ಇತ್ತು. ಈಗ ನನ್ನ ಸಹಿ ಬೇಕಾ?" ಎಂದುಬಿಟ್ಟೆ. ಯಾರೂ ತಲೆ ಎತ್ತಲಿಲ್ಲ. ಅವನು ಮಾತ್ರ ನನ್ನನ್ನೇ ನೋಡುತ್ತಾ ಕೂತಿದ್ದ. ಮುಪ್ಪು ಅವನಿಗೂ ಬಂದಿದೆ.

ಮೂರನೇ ಗಾಜಿನ ಗಾರೆ ಬಿಟ್ಟುಕೊಂಡಿದೆ.

ಸೆಪ್ಟೆಂಬರ್ 24, ಬುಧವಾರ

ನಾಲ್ಕನೇ, ಐದನೇ ಗಾಜು ಒಟ್ಟಿಗೆ ಒಡೆದವು. ನೋಟಿಸು ಅಂಟಿಸಿ ಬೀಗ ಹಾಕಿಸಿದೆ. ಬೀಗದ ಕೈ ನನ್ನ ಚೀಲದಲ್ಲೇ ಇದೆ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಟ್ಟೆಯಿಟ್ಟು ಬಡಿಸಿ ಎದ್ದು ಹೋದಳು. ಅವಳು ಕೂಗಾಡಿದ್ದರೆ ವಾಸಿಯಿತ್ತು.

ಸೆಪ್ಟೆಂಬರ್ 26, ಶುಕ್ರವಾರ

ಗಡಿಯಾರದವನು ಕಚೇರಿಗೆ ಬಂದಿದ್ದ. ಗೋಪುರದ ಗಡಿಯಾರಕ್ಕೆ ಎರಡು ಕಬ್ಬಿಣದ ತೂಕಗಳಿವೆ, ತಂತಿಯ ಮೇಲೆ ತೂಗುವಂಥವು, ಒಂದೊಂದೂ ಆಳು ತೂಕ. ಆ ಭಾರ ಇಳಿಸಿದರೆ ಒಳ್ಳೆಯದು ಎಂದು ನನ್ನ ವರದಿಯಲ್ಲಿ ನಾನೇ ಬರೆದಿದ್ದೆ. ಅದನ್ನು ಓದಿಕೊಂಡು ಬಂದಿದ್ದಾನೆ.

"ನಲವತ್ತು ವರ್ಷದಿಂದ ನಾನೇ ಕೀ ಕೊಡ್ತಿರೋದು. ಬೇರೆಯವರಿಗೆ ಆ ತಂತಿ ಬಿಚ್ಚೋಕೆ ಬರಲ್ಲ. ಎರಡು ಗಂಟೆ ಸಾಕು ಮೇಡಂ. ನಾನೊಬ್ಬನೇ ಹೋಗ್ತೀನಿ."

ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ನಿಜ ಬರೆಯುತ್ತೇನೆ. ಅವನು ಕೇಳಿಕೊಳ್ಳುವುದನ್ನು ನೋಡಲು ಹಿತವಾಗಿತ್ತು. ಕೂರಲು ಹೇಳದೆ ಅರ್ಧ ಗಂಟೆ ನಿಲ್ಲಿಸಿಕೊಂಡೆ. ಫೈಲು ತಿರುವಿದೆ, ಫೋನು ಮಾಡಿದೆ. ಅವನು ಮೇಜಿನ ಅಂಚು ಹಿಡಿದು ನಿಂತೇ ಇದ್ದ. ಆಮೇಲೆ ನಾಚಿಕೆಯಾಯಿತು. ಆ ನಾಚಿಕೆಗೆ ಚೀಲದಿಂದ ಬೀಗದ ಕೈ ತೆಗೆದು ಕೊಟ್ಟೆ. ಕೊಡಬಾರದಿತ್ತು. ಊರೆ ಕಟ್ಟದೆ ಯಾರನ್ನೂ ಒಳಗೆ ಬಿಡಬಾರದು ಎನ್ನುವುದು ನಾನೇ ಬರೆದ ನಿಯಮ.

"ನಾಳೆ ಹತ್ತಕ್ಕೆ ಹೊರಗಿರಬೇಕು," ಎಂದೆ.

ಅವನು ಬೀಗದ ಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಸೆಪ್ಟೆಂಬರ್ 27, ಶನಿವಾರ

ಬಿದ್ದಿತು.

ಬರೆಯಲೇಬೇಕು. ಹತ್ತೂ ಕಾಲಿಗೆ ಹೋದೆ. ಅತ್ತೆ ಅಂಗಳದ ಗೇಟಿನ ಹೊರಗೆ ಪೊರಕೆ ಹಿಡಿದು ನಿಂತಿದ್ದಳು. ಒಳಗೆ ಬಿಡದಿದ್ದರೆ ಮೆಟ್ಟಿಲನ್ನಾದರೂ ಗುಡಿಸುತ್ತೇನೆಂದು ಬಂದವಳು. ಗೋಪುರದ ಬಾಗಿಲು ತೆರೆದಿತ್ತು. "ಒಂದು ತೂಕ ಇಳಿಸಿ ಆಯ್ತಂತೆ, ಇನ್ನೊಂದಿದೆ," ಎಂದಳು. ಮೂರು ದಿನದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು. ನಾನು ಗಡಿಯಾರದವರ ಹೆಸರು ಹಿಡಿದು ಕೂಗಿದೆ. "ಬಂದೆ, ಬಂದೆ," ಎಂದು ಒಳಗಿನಿಂದ ದನಿ ಬಂತು.

ಆ ಸದ್ದು ಮೇಲಿನಿಂದ ಬರಲಿಲ್ಲ. ಕಾಲ ಕೆಳಗಿನಿಂದ ಬಂತು, ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಮಗ್ಗುಲಾದ ಹಾಗೆ. ಗೋಪುರ ವಾಲಲಿಲ್ಲ. ನಿಂತಲ್ಲೇ ಮೊಣಕಾಲು ಬಗ್ಗಿಸಿದಂತೆ ಆಳೆತ್ತರ ಕುಸಿಯಿತು. ಆಮೇಲೆ ಪಶ್ಚಿಮದ ಗೋಡೆ ಒಳಕ್ಕೆ ಮಡಚಿಕೊಂಡಿತು. ಆಮೇಲೆ ದೂಳು, ಎದುರಿಗಿದ್ದ ಅತ್ತೆಯೂ ಕಾಣದಷ್ಟು.

ಅಗ್ನಿಶಾಮಕದವರು ಬಂದರು. ಊರಿಗೆ ಊರೇ ಬಂತು. ಕಲ್ಲನ್ನು ಕೈಯಿಂದ ಕೈಗೆ ದಾಟಿಸಿದರು. ಹತ್ತು ನಿಮಿಷಕ್ಕೊಮ್ಮೆ ಅವರ ಮುಖ್ಯಸ್ಥ ಕೈ ಎತ್ತುತ್ತಿದ್ದ, ಎಲ್ಲರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು. ಏನೂ ಇಲ್ಲ. ಕೆಳಗೆಲ್ಲೋ ನೀರಿಗೆ ಮಣ್ಣುದುರುವ ಸದ್ದು. ಮತ್ತೆ ಕಲ್ಲು.

ಅತ್ತೆಗೆ ದೂಳು ಕುಡಿದು ದನಿ ಹೋಗಿತ್ತು. ನನ್ನ ಮಣಿಕಟ್ಟು ಹಿಡಿದು, ಬರಿಯ ಉಸಿರಿನಲ್ಲಿ, "ಹೇಳು," ಎಂದಳು.

"ಏನು ಹೇಳಲಿ ಅತ್ತೆ?"

"ಕೆಳಗಿದಾನಲ್ಲೇ. ನನಗೆ ಆಗ್ತಿಲ್ಲ. ನೀನು ಹೇಳು."

ಜನರೆದುರು ನಾನು ಬಾಯಿ ತೆರೆಯುವವಳಲ್ಲ. ಆದರೆ ನನ್ನ ಕೈಗೆ ಬೇರೆ ಕೆಲಸವಿರಲಿಲ್ಲ. ಅಳತೆಯವರು ದೂರ ನಿಲ್ಲಬೇಕೆಂದು ನನ್ನನ್ನು ಹಗ್ಗದಾಚೆ ನಿಲ್ಲಿಸಿದ್ದರು. ಮೊದಲ ಬೆಂಚಿನಿಂದ ಶುರು ಮಾಡಿದೆ. ಬಡಗಿ. ಅವನ ಹೆಂಡತಿ. ಅವಳಿ ಹೆಣ್ಣುಮಕ್ಕಳು. ಎರಡನೆಯದು ಬಂತು. ಮೂರನೆಯದು ಬಂತು. ನಾಲ್ಕನೆಯದರಲ್ಲಿ ತಡವರಿಸಿದೆ. ಹಿಂದಿನಿಂದ ಸೂಲಗಿತ್ತಿ ಹೇಳಿಕೊಟ್ಟಳು. ಆಮೇಲೆ ನಾನು ಎಡವಿದಲ್ಲೆಲ್ಲ ಯಾರಾದರೂ ಒಬ್ಬರು ಹೇಳಿಕೊಡುತ್ತಿದ್ದರು. ಕೆಲವರು ತಮ್ಮದೇ ಬೆಂಚು ಬಂದಾಗ ಅತ್ತರು. ಏಳನೆಯದಕ್ಕೆ ಬಂದಾಗ ಅಪ್ಪನ ಹೆಸರು, ಅಮ್ಮನ ಹೆಸರು ಹೇಳಿ ಮುಂದಕ್ಕೆ ಹೋದೆ. ಅತ್ತೆ ನನ್ನ ಕೈಯನ್ನು ಜಗ್ಗಿದಳು. ಹಿಂದಕ್ಕೆ ಬಂದು ನನ್ನದನ್ನೂ ಹೇಳಿದೆ.

ಎಡಗಡೆಯ ಕೊನೆಯ ಬೆಂಚು, ಬಾಗಿಲ ಪಕ್ಕ, ಗಡಿಯಾರದವರದು. ಹೆಂಡತಿಯ ಹೆಸರು ಹೇಳಿದೆ, ಅವರು ತೀರಿಹೋಗಿದ್ದಾರೆ. ಆಮೇಲೆ ಅವರ ಹೆಸರು. ಅತ್ತೆ ಎರಡು ಬೆರಳು ತೋರಿಸಿದಳು. ಕೆಳಗೆ ಸಿಕ್ಕಿಕೊಂಡವರದನ್ನು ಎರಡು ಸಲ ಹೇಳಬೇಕಂತೆ. ಎರಡನೇ ಸಲ ಹೇಳುವಾಗ, ನಿನ್ನೆ ಮೇಜಿನ ಅಂಚು ಹಿಡಿದು ನಿಂತಿದ್ದ ಆ ಬೆರಳುಗಳು ಕಣ್ಣಿಗೆ ಕಟ್ಟಿದವು. ಹೆಸರಿನ ಅರ್ಧಕ್ಕೇ ನಿಂತೆ. ಜನವೇ ಹೇಳಿತು.

ಐದು ಸಲ ಮೊದಲಿನಿಂದ ಕೊನೆಯವರೆಗೆ ಹೇಳಿದೆವು. ನಾಲ್ಕೂ ಕಾಲಿಗೆ ಹೊರಗೆ ತೆಗೆದರು. ಉಸಿರಿತ್ತು. ಗೋಪುರದ ಬಾಗಿಲಿನ ಕಮಾನು ಅವರ ತಲೆಯನ್ನು ಕಾಯ್ದಿತ್ತು. ಬಲಗೈ ಮಾತ್ರ ಎರಡನೇ ತೂಕದ ಕೆಳಗಿತ್ತು.

ಸೆಪ್ಟೆಂಬರ್ 29, ಸೋಮವಾರ

ಬೀಗದ ಕೈ ನಾನೇ ಕೊಟ್ಟೆನೆಂದು ಸಾಹೇಬರಿಗೆ ಬರೆದುಕೊಟ್ಟೆ. "ಕದ್ದುಕೊಂಡು ಹೋದ ಅಂತ ಬರೀರಿ, ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀರಿ?" ಎಂದರು. ಆಗುವುದಿಲ್ಲ ಎಂದೆ. ವಿಚಾರಣೆ ಇದೆ.

ಗಡಿಯಾರದವರ ಬಲಗೈಯನ್ನು ಮಣಿಕಟ್ಟಿನ ಮೇಲಿನಿಂದ ಕತ್ತರಿಸಿ ತೆಗೆದಿದ್ದಾರೆ.

ಅಕ್ಟೋಬರ್ 2, ಗುರುವಾರ

ಆಸ್ಪತ್ರೆಗೆ ಹೋಗಿದ್ದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದದ್ದು ಬಾಗಿಲಲ್ಲೇ ಬಿಟ್ಟುಹೋಯಿತು.

"ನಾನು ಬೀಗದ ಕೈ ಕೊಡಬಾರದಿತ್ತು," ಎಂದೆ.

"ನಾನು ಕೇಳಬಾರದಿತ್ತು," ಎಂದರು. ಆಮೇಲೆ ಎಡಗೈಯಿಂದ ಹೊದಿಕೆ ಎಳೆದುಕೊಂಡರು. "ನಿಮ್ಮ ಹೆಸರು ಹೊಡೆದದ್ದು ನಾನೇ. ಆಗ ನಿಯಮ ಹಾಗಿತ್ತು, ನನಗೆ ಅದೇ ಸರಿ ಅನ್ನಿಸಿತ್ತು. ಆದ್ರೆ ಪ್ರತಿ ಶನಿವಾರ ಗಡಿಯಾರಕ್ಕೆ ಕೀ ಕೊಡೋಕೆ ಮೇಲೆ ಹತ್ತಿದಾಗ ನಿಮ್ಮತ್ತೆ ಕೆಳಗೆ ನಿಮ್ಮ ಹೆಸರು ಹೇಳೋದು ಕೇಳಿಸ್ತಿತ್ತು. ಇಪ್ಪತ್ತಮೂರು ವರ್ಷ. ಒಂದು ದಿನಾನೂ ಬೇಡ ಅನ್ನಲಿಲ್ಲ."

"ಬೇಡ ಅನ್ನಲಿಲ್ಲ, ಅಷ್ಟೇನಾ?"

"ಅಷ್ಟೇ ಅಮ್ಮ. ಅಷ್ಟು ಮಾತ್ರ ನನ್ನ ಕೈಲಾದದ್ದು."

'ಕೈಲಾದದ್ದು' ಎಂದವರೇ ಬ್ಯಾಂಡೇಜು ನೋಡಿಕೊಂಡು ನಕ್ಕುಬಿಟ್ಟರು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಅವರ ದಿಂಬು ಸರಿಮಾಡಿದೆ.

ಅಕ್ಟೋಬರ್ 5, ಭಾನುವಾರ

ನೂರಿಪ್ಪತ್ತನೆಯ ವರ್ಷದ ಆರಾಧನೆ ಶಾಲೆಯ ಸಭಾಂಗಣದಲ್ಲಿ ನಡೆಯಿತು. ಐನೂರು ಜನ ಎಲ್ಲಿ ಬಂತು, ಇನ್ನೂರು. ಮಡಚುವ ಕುರ್ಚಿಗಳು. ಎಲ್ಲಿ ಕೂರಬೇಕೆಂದು ಯಾರೂ ಯಾರಿಗೂ ಹೇಳಲಿಲ್ಲ, ತಂತಾವೇ ಸಾಲಾದರು.

ಅತ್ತೆಯ ಎದೆ ಇನ್ನೂ ಸರಿಯಾಗಿಲ್ಲ. ಅಯ್ಯನವರು ನನ್ನ ಹತ್ತಿರ ಬಂದು, "ಹೆಸರು ನೀವು ಹೇಳ್ತೀರಾ?" ಎಂದರು.

"ನಾನು ಸಭೆಯ ಪಟ್ಟಿಯಲ್ಲಿಲ್ಲ ಅಯ್ಯನವರೇ."

"ಪಟ್ಟಿ ಕಲ್ಲಿನ ಕೆಳಗಿದೆ," ಎಂದರು ಮೆಲ್ಲಗೆ. "ಈಗ ಯಾರೂ ಪಟ್ಟಿಯಲ್ಲಿಲ್ಲ."

ಹೇಳಿದೆ. ನಡುವೆ ಒಮ್ಮೆ ಕಾಲ ಕೆಳಗೆ ಸಣ್ಣ ನಡುಕ. ಕಿಟಕಿಯ ಗಾಜುಗಳು ಗಿಲಗಿಲ ಎಂದವು. ಅವಳಿಗಳಲ್ಲಿ ಒಬ್ಬಳು ತಾಯಿಯ ತೋಳು ಹಿಡಿದಳು. ಯಾರೂ ಏಳಲಿಲ್ಲ. ನಾನು ಹನ್ನೊಂದನೆಯ ಸಾಲಿನ ಹೆಸರುಗಳಲ್ಲಿದ್ದೆ, ಮುಂದುವರಿಸಿದೆ.

ಶಾಲೆ ಇರುವುದು ನಮ್ಮ ಚರ್ಚಿನಿಂದ ಇನ್ನೂರು ಮೀಟರು ಪೂರ್ವಕ್ಕೆ. ನಕ್ಷೆಯಲ್ಲಿ ಅಲ್ಲಿಯೂ ಕೆಳಗೆ ಏನೂ ಇಲ್ಲ.

ಅಕ್ಟೋಬರ್ 10, ಶುಕ್ರವಾರ

ಗಣಿಯ ನೀರು ಪಂಪು ಮಾಡಿ ತೆಗೆದಿದ್ದಾರೆ. ಟೊಳ್ಳು ಎಲ್ಲಿಯವರೆಗೆ ಹೋಗಿದೆಯೆಂದು ಯಾರಾದರೂ ಇಳಿದು ಅಳೆಯಲೇಬೇಕು. ಕಚೇರಿಯ ಇಬ್ಬರು ರಜೆ ಹಾಕಿದರು. ನಾನು ಇಳಿಯುತ್ತೇನೆ ಎಂದೆ.

ಅತ್ತೆಗೆ ಹೇಳಿದಾಗ ಬಟ್ಟೆ ಮಡಚುತ್ತಿದ್ದಳು. ಮಡಚುವುದು ನಿಲ್ಲಿಸಲಿಲ್ಲ. "ನಮ್ಮ ಮನೆಯಿಂದ ಕೆಳಗಿಳಿದ ಕೊನೆಯವನು ನಿನ್ನ ಅಜ್ಜ," ಎಂದಳು. ಅವನು ಮೇಲೆ ಬಂದನೇ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತು.

"ಸೋಮವಾರ ಎಂಟಕ್ಕೆ ಇಳೀತೀವಿ," ಎಂದೆ. "ಎಲ್ಲರಿಗೂ ಹೇಳಿಬಿಡು, ತಡ ಮಾಡಬಾರದು ಅಂತ."

ಅಕ್ಟೋಬರ್ 13, ಸೋಮವಾರ

ಇಳಿದು ಬಂದೆ.

ಮೇಲಿನ ದನಿ ಕೆಳಕ್ಕೆ ಕೇಳಿಸುವುದಿಲ್ಲ. ಕೇಳಿಸುತ್ತದೆಂದು ಏಕೋ ಅಂದುಕೊಂಡಿದ್ದೆ. ಏಣಿಯ ಇಪ್ಪತ್ತನೆಯ ಮೆಟ್ಟಿಲಿಗೆ ಹೆಸರು ಹೇಳುವವರ ಸದ್ದು ನಿಂತುಹೋಯಿತು. ಆಮೇಲೆ ಬರೀ ತೊಟ್ಟಿಕ್ಕುವ ನೀರು. ದಿಮ್ಮಿಗಳನ್ನು ಮುಟ್ಟಿದರೆ ನೆನೆದ ಹತ್ತಿಯ ಹಾಗೆ ಬೆರಳು ಒಳಗೆ ಹೋಗುತ್ತದೆ. ಚರ್ಚಿನ ಕೆಳಗಿನ ಟೊಳ್ಳು ಚರ್ಚಿಗಿಂತ ದೊಡ್ಡದು. ಅಲ್ಲಿಂದ ಮೇಲುಬೀದಿಯ ಉದ್ದಕ್ಕೂ ಹೋಗಿದೆ, ಶಾಲೆಯನ್ನು ದಾಟಿ, ನಮ್ಮ ಮನೆಯನ್ನೂ ದಾಟಿ. ದೀಪ ಹಾಯಿಸಿದಷ್ಟೂ ಇತ್ತು. ಚಾವಣಿಯಿಂದ ಮಣ್ಣು ಎಳೆಯಾಗಿ ಉದುರುತ್ತಲೇ ಇತ್ತು. ಜೊತೆಗಿದ್ದ ಗಣಿ ತಜ್ಞರು ನನ್ನನ್ನು ನೋಡಿ, "ಯಾರ ಹತ್ರ ಮಾತಾಡ್ತಿದೀರಿ?" ಎಂದರು. ನಾನು ಮಾತಾಡುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ.

ಮೂರು ಗಂಟೆ ಹೊತ್ತಿನ ಮೇಲೆ ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಅವರು ಹೇಳುತ್ತಲೇ ಇದ್ದರು. ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಹೇಳುತ್ತಿದ್ದವರು ಗಡಿಯಾರದ ಹಿರಿಯರು. ಆಸ್ಪತ್ರೆಯಿಂದ ಹೇಳದೆ ಕೇಳದೆ ಎದ್ದು ಬಂದಿದ್ದಾರೆ, ತೋಳು ಕೊರಳಿಗೆ ಕಟ್ಟಿಕೊಂಡು. ಗಂಟಲು ಬಿದ್ದುಹೋಗಿತ್ತು. ಬಲಗಡೆ ಏಳನೆಯದಕ್ಕೆ ಬಂದಿದ್ದರು. ನನ್ನನ್ನು ನೋಡಿಯೂ ನಿಲ್ಲಿಸದೆ, ನನ್ನ ಹೆಸರನ್ನು ಎರಡು ಸಲ ಹೇಳಿ, ಎಂಟನೆಯದಕ್ಕೆ ಹೋದರು. ಕೊನೆಯವರೆಗೆ ಮುಗಿಸಿಯೇ ಕೂತರು.

ಅಕ್ಟೋಬರ್ 15, ಬುಧವಾರ

ವರದಿ ಕೊಟ್ಟೆ. ಮೇಲುಬೀದಿ ಪೂರ್ತಿ ಖಾಲಿಯಾಗಬೇಕು, ಅರವತ್ತೊಂದು ಮನೆ. ಎಷ್ಟು ದಿನವಿದೆ ಎಂದು ಸಾಹೇಬರು ಕೇಳಿದರು. ದಿನಗಳ ಲೆಕ್ಕವಿಲ್ಲ, ಇವತ್ತೂ ಆಗಬಹುದು ಎಂದೆ. ಅವರ ಮುಖದ ಬಣ್ಣ ಇಳಿಯಿತು.

"ಮನೆಗಳಲ್ಲಿ ಯಾರ್ಯಾರಿದಾರೆ, ಪಟ್ಟಿ ಬೇಕು. ಮುದುಕರು, ಎದ್ದು ಓಡಾಡೋಕೆ ಆಗದೋರು ಬೇರೆ. ದಾಖಲೆ ಕೋಣೆಯಿಂದ ತರಿಸೋಕೆ ಎರಡು ದಿನ ಆಗತ್ತೆ."

"ಬೇಡ," ಎಂದು ಅಲ್ಲೇ ಕೂತು ಬರೆದುಕೊಟ್ಟೆ. ಹಾಳೆಯ ಎರಡೂ ಮಗ್ಗುಲು ತುಂಬಿತು. ಚರ್ಚಿಗೆ ಬಾರದ ಒಂಬತ್ತು ಮನೆಗಳವರೂ ಅದರಲ್ಲಿದ್ದಾರೆ. ಅತ್ತೆ ಅವರವರ ನೆರೆಯವರ ಬೆಂಚಿನಲ್ಲಿ ಅವರನ್ನೂ ಸೇರಿಸಿಯೇ ಹೇಳುತ್ತಾಳೆ.

ಸಾಹೇಬರು ಕನ್ನಡಕ ಏರಿಸಿ ಓದಿದರು. "ಇದು ಯಾವ ಕ್ರಮ? ಮನೆ ನಂಬರಿನ ಪ್ರಕಾರ ಇಲ್ಲ, ಅಕ್ಷರದ ಪ್ರಕಾರಾನೂ ಇಲ್ಲ."

ನೋಡಿದೆ. ಹೌದು, ಇರಲಿಲ್ಲ.

"ಹಾಗೇ ಬಂತು ಸಾರ್," ಎಂದೆ.

ಲಾರಿಗಳು ಬೆಳಿಗ್ಗೆ ಆರಕ್ಕೆ ಬರುತ್ತವೆ. ಬಡಗಿಯ ಮನೆಯಿಂದ ಶುರು ಮಾಡಬೇಕು.